ರಾಜೇಶ್ವರಿಯ ಕೈಗುಣ

ಅರ್ಧ ಮುಗಿದಿದ್ದ ಲಗ್ನಪತ್ರಿಕೆ ಪರದೆಯ ಮೇಲೆ ಹಾಗೇ ನಿಂತುಬಿಟ್ಟಿತು. ರಾಜೇಶ್ವರಿ ಮೌಸ್ ಅಲ್ಲಾಡಿಸಿದಳು, ಸಿಕ್ಕ ಕೀಲಿಗಳನ್ನೆಲ್ಲ ಒತ್ತಿದಳು, ಊಹೂಂ. ಮಗಳ ಮದುವೆಯ ಪತ್ರಿಕೆ ಮಾಡಿಸಲು ನೇಸರಗಿಯಿಂದ ಬಂದಿದ್ದ ಭರಮಪ್ಪ ಎದುರಿಗೆ ಕುಳಿತು ಕುತ್ತಿಗೆಯ ಬೆವರು ಒರೆಸಿಕೊಂಡ.

"ತಂಗಿ, ಸಿಟ್ಟಾಗಬ್ಯಾಡವಾ. ಶುಭಕಾರ್ಯದ ಪತ್ರಿಕಿ. ಗೌರೀಶ ಬರಲಿ, ಅವನೇ ಮಾಡ್ಲಿ."

ಯರಗಟ್ಟಿಯ ಆ ತಗಡು ಹೊದಿಸಿದ ಅಂಗಡಿಗೆ ಕಂಪ್ಯೂಟರ್ ಬಂದು ವರ್ಷವಾಗಿತ್ತು. ಬೆಳಿಗ್ಗೆ ಗಂಡ ಗೌರೀಶ ಕುಳಿತು ಅರ್ಜಿ, ಪತ್ರ ಟೈಪು ಮಾಡುತ್ತಿದ್ದ. ಮಧ್ಯಾಹ್ನ ಬಣ್ಣದ ಪತ್ರಿಕೆಗಳ ದೊಡ್ಡ ಕೆಲಸ ಇವಳದು. ಯುಗಾದಿ ಕಳೆದದ್ದೇ ತಡ, ಮಷಿನ್ ಇವಳ ಕೈಯಲ್ಲಿ ನಿಲ್ಲತೊಡಗಿತು. ಗೌರೀಶ ಸ್ಟೆಬಿಲೈಜರ್ ಬದಲಿಸಿದ, ರ‍್ಯಾಮ್ ಕಿತ್ತು ರಬ್ಬರಿನಿಂದ ತಿಕ್ಕಿ ಕೂರಿಸಿದ, ವಿಂಡೋಸ್ ಅಳಿಸಿ ಹೊಸದಾಗಿ ಹಾಕಿದ. "ಹೊತ್ತೇರಿದ ಮ್ಯಾಲ ಅಷ್ಟ ನಿಲ್ಲತೈತ್ರಿ. ಡಬ್ಬಿ ಮುಟ್ಟಿ ನೋಡ್ರಿ, ಇಸ್ತ್ರಿ ಪೆಟಿಗಿ ಆದಂಗ ಆಗೈತಿ," ಎಂದು ಇವಳು ಹೇಳಿದರೆ, "ನಾ ಕುಂತರ ಯಾಕ ನಿಲ್ಲೂದಿಲ್ಲ?" ಎಂದು ಬಾಯಿ ಮುಚ್ಚಿಸಿದ.

ರಾಜೇಶ್ವರಿಯ ಕೈಗುಣ ಸರಿಯಿಲ್ಲ ಎಂಬ ಅಂಗಡಿಯ ಮಾತು ಮನೆ ಸೇರಲು ಎಷ್ಟು ಹೊತ್ತು? ಮದುವೆಯಾಗಿ ಬಂದಾಗಿನಿಂದ ಆ ಮನೆಯ ಉಪ್ಪಿನಕಾಯಿ ಕಲಸಿದ್ದು ರಾಜೇಶ್ವರಿಯ ಕೈಯೇ. "ನನ್ನ ಸೊಸಿ ಕೈಗುಣ ನೋಡ್ರಿ, ಎರಡ ವರ್ಷ ಇಟ್ಟರೂ ಬೂಸರ ಹಿಡಿಯೂದಿಲ್ಲ," ಎಂದು ಅತ್ತೆ ಗುರವ್ವ ಓಣಿಗೆಲ್ಲ ಹೇಳಿಕೊಂಡು ಬರುತ್ತಿದ್ದಳು. ಅದೇ ಗುರವ್ವ ಈ ದಿನ ಬೆಳಿಗ್ಗೆ ಮಾವಿನಕಾಯಿ ಹೆಚ್ಚುತ್ತ, ಮುಖ ನೋಡದೆ, "ಈ ಸಲ ಬಾಜೂಮನಿ ದೇವಕ್ಕ ಕಲಸ್ಲಿ ಬಿಡವಾ," ಎಂದಿದ್ದಳು. ಮಷಿನ್ ಹಾಳಾಗಿ ಹೋಗಲಿ, ಈ ಮಾತನ್ನು ರಾಜೇಶ್ವರಿಗೆ ನುಂಗಲಾಗಿರಲಿಲ್ಲ.

ಗೌರೀಶ ಬಂದ. ಹೆಂಡತಿಯನ್ನು ಎಬ್ಬಿಸಿ ತಾನು ಕುಳಿತು, ಮಷಿನ್ ಬಂದ್ ಮಾಡಿ ಹಚ್ಚಿ, ಪತ್ರಿಕೆಗೆ ಕೈ ಹಾಕಿದ. ಗಣಪತಿಯ ಚಿತ್ರ ಕೂರಿಸುವಷ್ಟರಲ್ಲಿ ಅವನ ಕೈಯಲ್ಲೂ ಪರದೆ ಕಲ್ಲಾಯಿತು. ರಾಜೇಶ್ವರಿಗೆ ಒಳಗೊಳಗೇ ಖುಷಿಯಾಯಿತು.

ಅವನು ಅವಳತ್ತ ನೋಡಲಿಲ್ಲ. ಮತ್ತೆ ಹಚ್ಚುವಾಗ ಒಂದು ಕೀಲಿ ಒತ್ತಿ ಹಿಡಿದ. ಮಷಿನ್ನಿನ ಒಳಹೊಂದಾಣಿಕೆಯ, ಅವಳೆಂದೂ ಕಾಣದ ನೀಲಿ ಪರದೆ ತೆರೆದುಕೊಂಡಿತು. ಅಲ್ಲಿ ಪ್ರೊಸೆಸರಿನ ವೇಗ ಸಾವಿರ ದಾಟಿತ್ತು. ಕೊಂಡು ತಂದ ದಿನ ರಟ್ಟಿನ ಡಬ್ಬದ ಮೇಲೆ ಅವಳೇ ಓದಿದ್ದು ಎಂಟುನೂರು. "ಎಂಟನೂರರ ಮಷಿನ್ ಸಾವಿರದ ಮ್ಯಾಲ ಓಡಸೇನಿ," ಎಂದು ಯುಗಾದಿಯ ದಿನ ಗೆಳೆಯರ ಮುಂದೆ ಅವನು ಜಂಬ ಕೊಚ್ಚಿದ್ದು ಅವಳಿಗೀಗ ಅರ್ಥವಾಯಿತು. ಅವನೇ ವೇಗ ಏರಿಸಿಟ್ಟಿದ್ದರಿಂದ ತಾಕತ್ತು ಮೀರಿ ಓಡುತ್ತಿದ್ದ ಮಷಿನ್ ಬೆಳಗಿನ ತಂಪಿನಲ್ಲಿ ಸಣ್ಣ ಕೆಲಸಕ್ಕೆ ಹೇಗೋ ತಾಳುತ್ತಿತ್ತು. ಬಿಸಿಲೇರಿ ದೊಡ್ಡ ಕೆಲಸ ಬಿದ್ದರೆ ಕಾದು ಕೈಕೊಡುತ್ತಿತ್ತು. ಗೌರೀಶ ಅದನ್ನು ಎಂಟುನೂರಕ್ಕೆ ಇಳಿಸಿದ.

ಪತ್ರಿಕೆ ನಿಧಾನವಾಗಿ, ಆದರೆ ಎಲ್ಲೂ ನಿಲ್ಲದೆ ಮುಗಿಯಿತು. "ಕೈಗುಣ ಅಂದ್ರ ಇದು ನೋಡವಾ," ಎಂದ ಭರಮಪ್ಪ. ಗೌರೀಶ ನಕ್ಕ.

ಭರಮಪ್ಪ ಹೋದ ಮೇಲೆ ರಾಜೇಶ್ವರಿ ಗಂಡನನ್ನು ಕೇಳಿದಳು, "ನಿಮಗ ಮೊದಲಿಂದ ಗೊತ್ತಿತ್ತಲ್ರಿ?"

"ಅನುಮಾನ ಇತ್ತು. ಈಗ ನೆಟ್ಟಗ ಆತಲ್ಲ, ಬಿಡು."

"ಅತ್ತೀಯವರಿಗೆ ಹೇಳ್ರಿ. ಇವತ್ತ ಹೇಳ್ರಿ."

"ಹೇಳತೇನಿ."

ಸಂಜೆ ಪಡಸಾಲೆಯ ಪರಾತದಲ್ಲಿ ಮಾವಿನ ಹೋಳು, ಉಪ್ಪು, ಖಾರ ಸಿದ್ಧವಾಗಿದ್ದವು. ದೇವಕ್ಕ ಬಳೆ ಮೇಲೇರಿಸಿ ಕುಳಿತಿದ್ದಳು. ರಾಜೇಶ್ವರಿ ಬಚ್ಚಲಿಗೆ ಹೋಗಿ ಕೈ ತೊಳೆದು, ಒಂದು ಹನಿ ನೀರೂ ಉಳಿಯದಂತೆ ಒರೆಸಿಕೊಂಡು ಬಂದು ನಿಂತಳು.

"ಮಷಿನ್ ನೆಟ್ಟಗ ಆತೇನೋ?" ಗುರವ್ವ ಮಗನನ್ನು ಕೇಳಿದಳು.

"ಆತು."

"ನೀ ಕುಂತಿ, ಆತು ನೋಡು."

ಗೌರೀಶ ಹೆಂಡತಿಯ ಕೈಗಳನ್ನು ನೋಡಿದ. "ಹೂಂ," ಎಂದು ಪೇಪರ್ ಎತ್ತಿಕೊಂಡ.

ದೇವಕ್ಕನ ಕೈ ಪರಾತದೊಳಗೆ ಇಳಿಯಿತು. ಮನೆಯೆಲ್ಲ ಸಾಸಿವೆ, ಮೆಂತ್ಯದ ಘಾಟು ತುಂಬಿತು. ರಾಜೇಶ್ವರಿ ಒಣಗಿದ ಎರಡೂ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು, ಹೋಳು ಕೆಂಪಾಗುವುದನ್ನೇ ನೋಡುತ್ತ ನಿಂತಳು.