ಪ್ಲೇಟ್ ಸಿದ್ದಣ್ಣನ ಮನೆಯಲ್ಲಿ ಉಳಿದ ತಟ್ಟೆ

ನಾನೊಂದು ಸ್ಟೀಲ್ ತಟ್ಟೆ. ಪ್ಲೇಟು ಅಂತ ಕರೆದರೂ ಓಗೊಡುತ್ತೇನೆ, ಬೇಜಾರಿಲ್ಲ. ಹುಟ್ಟಿದ್ದು ಯಾವ ಊರಲ್ಲಿ ಅಂತ ಕೇಳಿದರೆ ಮಾತ್ರ ಹೇಳಲಾರೆ. ದೊಡ್ಡದೊಂದು ಉಕ್ಕಿನ ಹಾಳೆಯ ಮೇಲೆ ಯಂತ್ರ ದಬ್ ಅಂತ ಬಿತ್ತು, ಕಣ್ಣು ಬಿಟ್ಟು ನೋಡಿದರೆ ನನಗೆ ಅಂಚು ಬಂದಿತ್ತು. ಅಲ್ಲಿಂದ ಅರಸೀಕೆರೆಯ ಪಾತ್ರೆ ಅಂಗಡಿ. ಒಬ್ಬರ ತೊಡೆ ಮೇಲೆ ಒಬ್ಬರು ಕೂತು ಧೂಳು ತಿನ್ನುತ್ತಿದ್ದೆವು. ಒಂದು ದಿನ ಪುಟ್ಟಗೌರಮ್ಮ ಅನ್ನೋ ಹೆಂಗಸು ಬಂದು, ಬೆರಳ ಗೆಣ್ಣಿನಿಂದ ಠಣ್ ಅಂತ ಬಡಿದು ನೋಡಿ ನನ್ನನ್ನೇ ಆರಿಸಿದಳು.

"ಹೆಸರು ಕೊರೆದು ಕೊಡಪ್ಪ. ಇಲ್ದಿದ್ರೆ ಮದುವೆ ಮನೇಲಿ ಯಾರು ಏನು ಕೊಟ್ರು ಅಂತಾನೇ ಗೊತ್ತಾಗಲ್ಲ" ಅಂದಳು.

ಅಂಗಡಿಯವನು ಗುರ್ರ್ ಅನ್ನೋ ಸೂಜಿ ಹಿಡಿದು 'ಚಿ. ಸೌ. ಜಯಶೀಲಳಿಗೆ ಸೋದರತ್ತೆಯ ಉಡುಗೊರೆ' ಅಂತ ನನ್ನ ಅಂಚಿನ ಮೇಲೆ ಕೊರೆದ. ಅಯ್ಯಪ್ಪಾ, ಏನು ಉರಿ! ಆದರೂ ಮಿಕ್ಕ ತಟ್ಟೆಗಳ ಮುಂದೆ ಸ್ವಲ್ಪ ಜಂಬವೂ ಬಂತು, ಸುಳ್ಳು ಯಾಕೆ ಹೇಳಲಿ.

ಆ ಮದುವೆಯಲ್ಲೇ ನಾನು ಸಿದ್ದಣ್ಣನನ್ನು ಮೊದಲು ನೋಡಿದ್ದು. ಪೂರ್ತಿ ಹೆಸರು ಮರುಳಸಿದ್ದಪ್ಪ. ಮದುವೆ ಮುಂಜಿಗೆ ಮೈಕ್ ಸೆಟ್ ಬಾಡಿಗೆಗೆ ಕೊಡುವವನು. ತೆಂಗಿನ ಮರಕ್ಕೆ ಹಾರನ್ ಕಟ್ಟಿ, ಚಪ್ಪರದ ಮೂಲೆಯಲ್ಲಿ ಕೂತು, ಗ್ರಾಮಫೋನಿನ ಕರೀ ಪ್ಲೇಟುಗಳನ್ನು ಒಂದಾದ ಮೇಲೊಂದು ತಿರುಗಿಸಿ ಹಾಡು ಹಾಕುತ್ತಿದ್ದ. ಅದಕ್ಕೇ ಊರೆಲ್ಲ ಅವನನ್ನು ಪ್ಲೇಟ್ ಸಿದ್ದಣ್ಣ ಅನ್ನುತ್ತಿತ್ತು. ನನಗೋ ಆಶ್ಚರ್ಯ. ಉಣ್ಣೋಕೂ ಬಾರದ, ತೊಳೆಯೋಕೂ ಬಾರದ ಈ ಕರಿಯನೂ ನನ್ನ ದಾಯಾದಿಯೇ? ಆಮೇಲೆ ಗೊತ್ತಾಯಿತು, ನಮ್ಮ ಮನೆತನ ದೊಡ್ಡದು ಅಂತ. ಬಸ್ಸಿನ ಹಿಂದೆ ನಂಬರ್ ಪ್ಲೇಟು, ಬಾಗಿಲ ಮೇಲೆ ನೇಮ್ ಪ್ಲೇಟು, ಹೋಟೆಲಿನಲ್ಲಿ ಪ್ಲೇಟ್ ಊಟ. ಆಡಿದ ಮಾತು ತಿರುಚಿದವನಿಗೂ 'ಪ್ಲೇಟ್ ಬದಲಾಯಿಸಿದ' ಅಂತಾರಪ್ಪ! ಹೆಸರಿಡೋದರಲ್ಲಿ ಈ ಇಂಗ್ಲಿಷಿನವರು ಅಷ್ಟೊಂದು ಜಿಪುಣರೋ ಏನೋ. ಇಷ್ಟು ನೆಂಟರಿರುವ ನಾನು ಬಾಳಿದ್ದು ಮಾತ್ರ ನೆಂಟರೇ ಇಲ್ಲದವನ ಮನೆಯಲ್ಲಿ.

ಜಯಶೀಲಳ ಗಂಡ ಲೋಕೇಶಪ್ಪ ಕರೆಂಟ್ ಆಫೀಸಿನಲ್ಲಿದ್ದ. ಸ್ಟೇಷನ್ ಹತ್ತಿರದ ವಠಾರದಲ್ಲಿ ಮನೆ ಮಾಡಿದರು. ಎದುರಿನ ಒಂಟಿ ಕೋಣೆಯ ಬಾಗಿಲು ತೆಗೆದರೆ ಇದೇ ಸಿದ್ದಣ್ಣ! ಹಿಂದಿಲ್ಲ, ಮುಂದಿಲ್ಲ, ಹೇಳೋರಿಲ್ಲ, ಕೇಳೋರಿಲ್ಲ. ಊರಿನ ಮದುವೆಗೆಲ್ಲ ಹಾಡು ಹಾಕಿದವನಿಗೆ ಮದುವೆಯೇ ಆಗಿರಲಿಲ್ಲ. ಎರಡು ಹೊತ್ತೂ ಸ್ಟೇಷನ್ ಎದುರಿನ ಹೋಟೆಲಿನಲ್ಲಿ ಪ್ಲೇಟ್ ಊಟ. ಮನೆಮಂದಿಯೊಂದಿಗೆ ಬಂದವರಿಗೆ ಎಲೆ ಹಾಕಿ ಬಡಿಸುವರು, ಒಬ್ಬೊಬ್ಬರೇ ಬಂದವರ ಮುಂದೆ ಪ್ಲೇಟ್ ತಂದಿಡುವರು. ಅವನು ಹಾಗೆಯೇ ಉಂಡು ಮುದುಕನಾಗುತ್ತಿದ್ದ.

ಯುಗಾದಿಯ ದಿನ ಜಯಶೀಲ ನನ್ನ ಮೇಲೆ ಹೋಳಿಗೆ ಇಟ್ಟು, ತುಪ್ಪ ಸುರಿದು, ಸೆರಗು ಮುಚ್ಚಿ ತಂದುಕೊಟ್ಟಳು. ಸಿದ್ದಣ್ಣ ನನ್ನನ್ನು ಎರಡು ಕೈಯಲ್ಲಿ ಇಸಕೊಂಡ. ಸಂಜೆಗೆ ನನ್ನನ್ನು ಬೂದಿ ಹಾಕಿ ತಿಕ್ಕಿ ತೊಳೆದವನು ಹಾಗೇ ಕೂತುಬಿಟ್ಟ. ಯಾಕೆಂದರೆ ಖಾಲಿ ತಟ್ಟೆ ವಾಪಸ್ ಕೊಡಬಾರದು. ಒಂದು ಹಿಡಿ ಸಕ್ಕರೆಯೋ, ಎರಡು ಬಾಳೆಹಣ್ಣೋ, ಏನೂ ಇಲ್ಲದಿದ್ದರೆ ನಾಲ್ಕು ಕಾಳು ಅಕ್ಕಿಯೋ ಇಟ್ಟು ಕೊಡಬೇಕು. ಅವನ ಕೋಣೆಯಲ್ಲಿ ಹುಡುಕಿದರೆ ವೈರು, ಸ್ಕ್ರೂ, ಹಾಡಿನ ಪ್ಲೇಟಿಗೆ ತಾಗಿಸೋ ಮುಳ್ಳು. ಕೊನೆಗೆ ಅಂಗಡಿಗೆ ಓಡಿ ಕಲ್ಲುಸಕ್ಕರೆ ತಂದು, ನನ್ನ ಮೇಲೆ ಇಟ್ಟು ಅವಳ ಬಾಗಿಲಿಗೆ ಹೋದ.

"ಅಯ್ಯೋ, ಇದೆಲ್ಲ ಯಾಕೆ ತಂದ್ರಿ ಸಿದ್ದಣ್ಣ?"

"ಮನೇಲಿತ್ತು ಕಣಮ್ಮ" ಅಂತ ಬುರುಡೆ ಬಿಟ್ಟ.

ಅಲ್ಲಿಂದ ಹಬ್ಬ ಬಂತು ಅಂದರೆ ನಾನು ಆ ಅಂಗಳ ದಾಟುತ್ತಿದ್ದೆ. ಹೋಗುವಾಗ ಕಡುಬೋ ಹೋಳಿಗೆಯೋ, ಬರುವಾಗ ಕಲ್ಲುಸಕ್ಕರೆ. ಆ ನಾಲ್ಕು ಹೆಜ್ಜೆ ದಾಟಿ ಸಿದ್ದಣ್ಣ ಆಡುತ್ತಿದ್ದ ಮಾತಷ್ಟೇ ಅವನಿಗೆ ಮನೆಯವರೊಂದಿಗೆ ಆಡಿದ ಮಾತು. ಹಬ್ಬ ಹತ್ತಿರ ಬಂತೆಂದರೆ ಅವನು ಗಡ್ಡ ಬೋಳಿಸಿ, ಬಾಗಿಲು ತೆಗೆದೇ ಕೂರುತ್ತಿದ್ದ.

ಒಂದು ಗೌರಿ ಹಬ್ಬದಲ್ಲಿ ಎಲ್ಲ ತಲೆಕೆಳಗಾಯಿತು. ಜಯಶೀಲ ಹೋಳಿಗೆ ಕೊಟ್ಟಳು. ಮಾರನೆಯ ದಿನ ಕಲ್ಲುಸಕ್ಕರೆ ತರೋಣ ಅಂದುಕೊಂಡು ಸಿದ್ದಣ್ಣ ಕೆಲಸಕ್ಕೆ ಹೋದ. ಹಾರನ್ ಕಟ್ಟಲು ಹತ್ತಿದ ಏಣಿ ಜಾರಿತು. ಕಾಲು ಮುರಿದು ಹಾಸನದ ಆಸ್ಪತ್ರೆ ಸೇರಿದ. ಇತ್ತ ಲೋಕೇಶಪ್ಪನಿಗೆ ಬಳ್ಳಾರಿಗೆ ವರ್ಗ. ಗಂಟುಮೂಟೆ ಲಾರಿಗೆ ಏರಿತು. ನಾನು ಸಿದ್ದಣ್ಣನ ಬೀಗ ಹಾಕಿದ ಕೋಣೆಯಲ್ಲಿ, ಹೋಳಿಗೆ ಚೂರಿನ ಮೇಲೆ ಇರುವೆ ಹತ್ತಿಸಿಕೊಂಡು ಕೂತಿದ್ದೆ. ಹೊರಗೆ ಅವರ ಮಾತು ಕೇಳಿಸುತ್ತಿತ್ತು.

"ತಟ್ಟೆ ಅಲ್ಲೇ ಉಳೀತಲ್ಲೇ. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ!" ಅಂತ ಲೋಕೇಶಪ್ಪ ನಕ್ಕ.

"ಸುಮ್ನಿರಿ. ಕೊಟ್ಟ ತಟ್ಟೇನ ಯಾರಾದ್ರೂ ಬಾಯಿಬಿಟ್ಟು ಕೇಳ್ತಾರಾ? ಪಾಪ, ಕಾಲು ಮುರ್ಕೊಂಡು ಮಲಗಿದಾರೆ" ಅಂದಳು ಜಯಶೀಲ.

ಸಿದ್ದಣ್ಣ ಊರುಗೋಲು ಹಿಡಿದು ಬಂದಾಗ ಎದುರು ಮನೆಗೆ ಬೀಗ. ವಠಾರದ ಯಜಮಾನಿ ನೀಲಮ್ಮ ವಿಚಾರಿಸಲು ಬಂದರೆ, "ಕಾಲೊಳಗೆ ಪ್ಲೇಟ್ ಹಾಕವ್ರೆ ಕಣಕ್ಕ. ಊರಿಗೆಲ್ಲ ಪ್ಲೇಟ್ ಹಾಕ್ದೋನಿಗೆ ಡಾಕ್ಟ್ರೇ ಪ್ಲೇಟ್ ಹಾಕಿ ಕಳಿಸವ್ರೆ!" ಅಂತ ತಮಾಷೆ ಮಾಡಿದ. ಅವಳು ಹೋದ ಮೇಲೆ ನನ್ನನ್ನು ತೊಳೆದು, ಮಡಿಲಲ್ಲಿ ಇಟ್ಟುಕೊಂಡು ಅತ್ತ.

ಆಮೇಲಿನದು ನನ್ನ ಒಂಟಿ ಬದುಕು. ಕ್ಯಾಸೆಟ್ ಬಂತು, ಹಾಡಿನ ಪ್ಲೇಟುಗಳು ಮೂಲೆ ಸೇರಿದವು. ಶೆಲ್ಫಿನ ಮೇಲೆ ಅವುಗಳ ಪಕ್ಕ ನನ್ನನ್ನೂ ನಿಲ್ಲಿಸಿದ. ಒಂದು ದಿನವಾದರೂ ನನ್ನಲ್ಲಿ ಉಣ್ಣಲಿಲ್ಲ. ಕುಂಟಿಕೊಂಡು ಹೋಟೆಲಿಗೇ ಹೋಗುತ್ತಿದ್ದ. ಬೇರೆಯವರ ತಟ್ಟೆ, ಕೊಡಬೇಕಾದದ್ದು, ಎಂಜಲು ಮಾಡಬಾರದು ಅಂತ. ತಟ್ಟೆಯ ಜನ್ಮ ಎತ್ತಿ ಅನ್ನದ ಬಿಸಿ ಕಾಣದೆ ನಿಲ್ಲುವುದು ಎಂಥ ಶಿಕ್ಷೆ ಗೊತ್ತೇ? ಕರೆಂಟ್ ಆಫೀಸಿನಲ್ಲಿ ಕೇಳಿದ್ದರೆ ವಿಳಾಸ ಸಿಗುತ್ತಿತ್ತು. ಅವನು ಕೇಳಲಿಲ್ಲ. "ತಟ್ಟೆ ಇಲ್ಲೈತೆ. ಯಾವತ್ತಾದ್ರೂ ಬರ್ತಾಳೆ" ಅಂತ ನನ್ನ ಕಡೆ ನೋಡಿ ಹೇಳುತ್ತಿದ್ದ. ಅವಳು ಕೇಳಲು ನಾಚಿದಳು, ಇವನು ಕಾದ. ಹೀಗೇ ವರ್ಷಗಳು ಉರುಳಿದವು.

ಕೊನೆಗೂ ಬಂದಳು. ಊರಲ್ಲಿ ಯಾರದೋ ಮದುವೆಗೆ ಬಂದವಳು ವಠಾರಕ್ಕೂ ಬಂದಳು. ತಲೆ ನರೆತಿತ್ತು, ಹಣೆಯಲ್ಲಿ ಕುಂಕುಮವಿಲ್ಲ, ವಿಭೂತಿ ಮಾತ್ರ ಇತ್ತು. ಲೋಕೇಶಪ್ಪ ಇಲ್ಲ ಅಂತ ಸಿದ್ದಣ್ಣನಿಗೆ ಅರ್ಥವಾಯಿತು. ಮಗಳು ಮದುವೆಯಾಗಿ ಹೋಗಿದ್ದಾಳೆ, ಹಾಸನದ ಅಪಾರ್ಟ್‌ಮೆಂಟಿನಲ್ಲಿ ಒಬ್ಬಳೇ ಇದ್ದೀನಿ ಅಂತ ಅವಳೇ ಹೇಳಿದಳು. ಹೊರಡುವಾಗ ನಗುತ್ತಾ ಅಂದಳು:

"ಸಿದ್ದಣ್ಣ, ನನ್ನದೊಂದು ತಟ್ಟೆ ನಿಮ್ಮತ್ರ ಉಳಿದಿತ್ತಲ್ವಾ?"

ಆಹಾ, ಇವತ್ತು ನನ್ನ ಮನೆಗೆ ಹೊರಟೆ! ಆದರೆ ಸಿದ್ದಣ್ಣ ಎದ್ದು, ಶೆಲ್ಫಿನ ಕಡೆ ಹೋಗಿ, ಹೆಗಲ ಟವೆಲನ್ನು ಮೆಲ್ಲಗೆ ನನ್ನ ಮೇಲೆ ಹಾಕಿಬಿಟ್ಟ.

"ಇಲ್ಲೇ ಎಲ್ಲೋ ಇರ್ಬೇಕು ಕಣಮ್ಮ. ಹುಡುಕಿ ಇಟ್ಟಿರ್ತೀನಿ. ಮುಂದಿನ ಸಲ ಬಂದಾಗ ತಗೊಂಡು ಹೋಗುವಂತೆ."

ಭಲೇ ಸಿದ್ದಣ್ಣ, ಈ ವಯಸ್ಸಿನಲ್ಲಿ ಪ್ಲೇಟ್ ಬದಲಾಯಿಸಿದೆಯಲ್ಲಪ್ಪ! ಮೊದಲು ನನಗೆ ಸಿಟ್ಟು ನೆತ್ತಿಗೇರಿತು. ನನ್ನನ್ನು ಕೊಟ್ಟುಬಿಟ್ಟರೆ ಅವಳಿಗೆ ಬರಲು ಇನ್ನೇನು ನೆಪ ಇರುತ್ತದೆ ಅನ್ನೋದು ಹೊಳೆದ ಮೇಲೆ ಸಿಟ್ಟು ಇಳಿಯಿತು. ಟವೆಲಿನ ಅಂಚಿನಿಂದ ನನ್ನ ಹೊಳಪು ಇಣುಕುತ್ತಿತ್ತು. ಜಯಶೀಲ ನೋಡಿದಳು. ಖಂಡಿತ ನೋಡಿದಳು.

"ಆಗಲಿ ಬಿಡಿ. ಯುಗಾದಿಗೆ ಬರ್ತೀನಿ, ಅಷ್ಟರಲ್ಲಿ ಹುಡುಕಿಡಿ" ಅಂದಳು.

ಯುಗಾದಿಗೆ ಬಂದಳು. ಡಬ್ಬಿಯಲ್ಲಿ ಹೋಳಿಗೆ ತಂದಿದ್ದಳು. "ತಟ್ಟೆ ಸಿಕ್ತಾ?" "ಇನ್ನೂ ಇಲ್ಲ ಕಣಮ್ಮ, ಹಾಳಾದ್ದು ಎಲ್ಲಿಟ್ಟೆನೋ." ಗೌರಿ ಹಬ್ಬಕ್ಕೂ ಅದೇ ಮಾತು, ಅದೇ ನಗು, ಅದೇ ಟವೆಲು. ನನ್ನ ಆಯುಸ್ಸಿನಲ್ಲಿ ನಾನು ಮಾಡಿದ ದೊಡ್ಡ ಕೆಲಸ ಅದೇ, ಟವೆಲಿನಡಿ ಸುಮ್ಮನೆ ನಿಂತಿದ್ದು.

ಒಂದು ವರ್ಷ ಗೌರಿ ಹಬ್ಬಕ್ಕೆ ಮುಂಚೆ ಸಿದ್ದಣ್ಣ ಹಾಸಿಗೆ ಹಿಡಿದ. ಒಂದು ಮಧ್ಯಾಹ್ನ ಕಷ್ಟಪಟ್ಟು ಎದ್ದು ನನ್ನನ್ನು ಕೆಳಗಿಳಿಸಿ ಒರೆಸಿದ. ತರಿಸಿಟ್ಟಿದ್ದ ಪೊಟ್ಟಣ ಬಿಚ್ಚಿ ನನ್ನ ತುಂಬ ಕಲ್ಲುಸಕ್ಕರೆ ಸುರಿದ. "ಹೋಳಿಗೆ ಕೊಟ್ಟೋಳಿಗೆ ಇದು ಸಾಲುತ್ತೋ ಇಲ್ವೋ" ಅಂತ ಗೊಣಗಿ, ನೀಲಮ್ಮನನ್ನು ಕರೆದ. ಹಬ್ಬದ ದಿನ ಜಯಶೀಲ ಬಂದಾಗ ಕೋಣೆ ಖಾಲಿಯಾಗಿತ್ತು. ನೀಲಮ್ಮ ನನ್ನನ್ನು ಅವಳ ಕೈಗಿಟ್ಟಳು.

"ತಟ್ಟೆ ಸಿಕ್ತು ಅಂತ ಹೇಳು ಅಂದ್ರು ಕಣವ್ವ. ಯಾವ ಕಾರಣಕ್ಕೂ ಖಾಲಿ ಕೊಡಬೇಡ ಅಂದಿದ್ರು."

ಜಯಶೀಲ ಅಲ್ಲೇ ಹೊಸ್ತಿಲ ಮೇಲೆ ಕೂತು ಗೊಳೋ ಅಂತ ಅತ್ತಳು.

ಈಗ ನಾನು ಹಾಸನದಲ್ಲಿದ್ದೇನೆ. ಅಂಚು ನೆಗ್ಗಿದೆ, ಕೊರೆದ ಅಕ್ಷರ ಸವೆದಿದೆ. ಇಲ್ಲಿ ಬಾಗಿಲಿಗೆ ಬಾಗಿಲು ಎದುರಿದ್ದರೂ ಎಲ್ಲ ಮುಚ್ಚಿಯೇ ಇರುತ್ತವೆ. ಮೊನ್ನೆ ಹಬ್ಬಕ್ಕೆ ಜಯಶೀಲ ಕಡುಬು ಮಾಡಿ, ನನ್ನ ಮೇಲಿಟ್ಟು, ಸೆರಗು ಮುಚ್ಚಿ ಎದುರು ಮನೆಯ ಬೆಲ್ ಒತ್ತಿದಳು. ಒಬ್ಬಳೇ ಇರುವ ಹುಡುಗಿ ಬಾಗಿಲು ತೆಗೆದಳು.

"ಅಯ್ಯೋ, ಯಾಕೆ ಆಂಟಿ ತೊಂದ್ರೆ ತಗೊಂಡ್ರಿ! ಒಂದೇ ನಿಮಿಷ" ಅಂತ ನನ್ನನ್ನು ಒಳಗೆ ಕೊಂಡೊಯ್ದು, ಕಡುಬನ್ನು ತನ್ನ ಡಬ್ಬಿಗೆ ಸುರಿದು, ನನ್ನನ್ನು ಚೊಕ್ಕಟವಾಗಿ ತೊಳೆದು ಒರೆಸಿ ತಂದಳು. "ಥ್ಯಾಂಕ್ಸ್ ಆಂಟಿ. ತಗೊಳ್ಳಿ ನಿಮ್ಮ ಪ್ಲೇಟು."

ಬಾಗಿಲು ಮುಚ್ಚಿತು. ಹುಡುಗಿಯದೇನೂ ತಪ್ಪಿಲ್ಲ, ಅವಳಿಗೆ ಹೇಳಿಕೊಟ್ಟವರಿಲ್ಲ. ಜಯಶೀಲ ಖಾಲಿ ತಟ್ಟೆ ಹಿಡಿದುಕೊಂಡು ತನ್ನ ಹೊಸ್ತಿಲವರೆಗೆ ಬಂದಳು. ಆಮೇಲೆ ನನ್ನನ್ನು ಬಾಗಿಲ ಪಕ್ಕದ ಕಟ್ಟೆಯ ಮೇಲಿಟ್ಟು ಒಳಗೆ ಹೋದಳು. ಡಬ್ಬಿಯ ಮುಚ್ಚಳ ತೆಗೆದ ಸದ್ದು ಕೇಳಿಸಿತು. ಹೊರಗೆ ಬಂದು, ಅಂದಿನಿಂದ ಎತ್ತಿಟ್ಟಿದ್ದ ಸಿದ್ದಣ್ಣನ ಕಲ್ಲುಸಕ್ಕರೆಯ ಒಂದು ಹರಳನ್ನು ನನ್ನ ನಡುವೆ ಇಟ್ಟಳು. ಆಮೇಲೆಯೇ ನನ್ನನ್ನು ಒಳಗೆ ತಂದಳು.