ಕೋಟಿನ ಎಡತೋಳು

"ಬಲಗೈ ಹೋಯ್ತು, ಎಡಗೈ ಮಾತ್ರ ಹೋಗ್ತಾ ಇಲ್ಲ ಅಕ್ಕಾ," ಎಂದು ದರ್ಜಿಯ ಹೆಂಡತಿಯ ತಮ್ಮ ಆ ಕೋಟನ್ನು ಮತ್ತೊಮ್ಮೆ ಎಳೆದ. ಇಸ್ತ್ರಿ ಅಂಗಡಿಯವನು ದರ್ಜಿಯ ಹೆಣವನ್ನು ಬೆನ್ನಿಗೆ ಕೈಕೊಟ್ಟು ಎತ್ತಿ ಹಿಡಿದಿದ್ದ.

"ನಿಧಾನ ಕಣೋ, ನೋವಾಗುತ್ತೆ," ಎಂದಳು ದರ್ಜಿಯ ಹೆಂಡತಿ. ಅಂದ ಮೇಲೆ ಏನಂದೆ ಎಂದು ಅವಳಿಗೇ ತಿಳಿಯಿತು.

ಕೋಟು ಅವಳ ಹಟ. ಅರ್ಧ ಊರು ಅವನು ಹೊಲಿದ ಕೋಟು ತೊಟ್ಟು ಓಡಾಡುತ್ತಿತ್ತು, ಅವನಿಗೆಂದು ಇದ್ದದ್ದು ಇದೊಂದೇ. ಮಗಳ ಮದುವೆಗೆಂದು ಆ ಬೂದು ಬಣ್ಣದ ಬಟ್ಟೆಯನ್ನು ಅಂಗಡಿಯೆಲ್ಲ ಜಾಲಾಡಿ ಆರಿಸಿದವಳು ಇವಳು. ಒಂದು ದಿನ ತೊಟ್ಟು, ಮಲಗುವ ಕೋಣೆಯ ಬಾಗಿಲ ಹಿಂದಿನ ಮೊಳೆಗೆ ನೇತು ಹಾಕಿದವನು ಮತ್ತೆ ಅದನ್ನು ತೊಟ್ಟಿರಲಿಲ್ಲ. ಕೇಳಿದರೆ, "ಸೆಕೆ ಕಣೇ." ಹಲ್ಲು ಕಟಕಟಿಸುವ ಚಳಿಯಲ್ಲೂ ಅವನಿಗೆ ಸೆಕೆ! ಮೊಮ್ಮಗಳ ಹುಟ್ಟುಹಬ್ಬದ ಫೋಟೋದಲ್ಲೂ ಬರೀ ಅಂಗಿಯಲ್ಲಿ ನಿಂತಾಗ ಇವಳು ಮುನಿಸಿಕೊಂಡು ಮಾತು ಬಿಟ್ಟಿದ್ದಳು. ಇವತ್ತಾದರೂ ಅವನು ಕೋಟು ತೊಟ್ಟು ಹೊರಡಬೇಕು. ಇವತ್ತು ನೆಪ ಹೇಳುವ ಹಾಗಿಲ್ಲವಲ್ಲ.

ಮುಚ್ಚಿದ ಅಡುಗೆಮನೆಯೊಳಗೆ ದೊರೆ ಒಂದೇ ಸಮನೆ ಕಿರುಚುತ್ತಿತ್ತು. ದೊರೆ ಎಂದರೆ ದರ್ಜಿ ಸಾಕಿದ ಜುಟ್ಟಿನ ಗಿಳಿ.

*

ಮಗಳು ಗಂಡನ ಮನೆಗೆ ಹೋಗಿ ಮನೆ ಬಿಕೋ ಎನ್ನುತ್ತಿದ್ದಾಗ ಅವನು ತಂದ ಹಕ್ಕಿ ಅದು. ಹಗಲೆಲ್ಲ ಹೊಲಿಗೆ ಮಷೀನಿನ ಮೇಲೆ ಕೂತು, ಅವನು ಹಲ್ಲಿನಲ್ಲಿ ದಾರ ಕಡಿಯುವುದನ್ನೇ ನೋಡುತ್ತಿತ್ತು. "ಪಕ್ಕದಲ್ಲೇ ಕತ್ತರಿ ಇದೆ, ಬಾಯಿ ಯಾಕೆ ಹಾಕ್ತೀರಿ?" ಎಂದು ಇವಳು ಗದರುವುದು, ಅವನು ಹೂಂಗುಟ್ಟಿ ಮತ್ತೆ ಕಡಿಯುವುದು, ಇದು ಹಕ್ಕಿ ಬರುವ ಮೊದಲಿನಿಂದಲೂ ನಡೆದೇ ಇತ್ತು.

ಅದು ಮಲಗಲೆಂದು ಅವನು ಉಣ್ಣೆಯ ಚೀಲ ಹೊಲಿದ. ಮೆತ್ತಗಿದೆಯೋ ಇಲ್ಲವೋ ಎಂದು ತನ್ನ ಕೆನ್ನೆಗೇ ಒತ್ತಿ ನೋಡಿದ. ಬೆಳಗಾಗುವಷ್ಟರಲ್ಲಿ ಒಂದು ಎಳೆ ಬಿಚ್ಚಿಕೊಂಡು ಹಕ್ಕಿಯ ಬೆರಳಿಗೆ ಬಿಗಿದು, ಬೆರಳು ನೀಲಿಯಾಗಿತ್ತು. ಡಾಕ್ಟರು ಕಾಲು ಉಳಿಸಿದರು, ಬೆರಳು ಉಳಿಯಲಿಲ್ಲ.

"ದರ್ಜಿ ಮನೇಲಿ ಹಕ್ಕಿ ದಾರಕ್ಕೆ ಸಿಕ್ಕಿಬಿತ್ತು ಅಂದ್ರೆ ನಾನು ಎಂಥ ದರ್ಜಿ?" ಎಂದು ಆ ದಿನ ಅವನು ಊಟದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ.

ಆಮೇಲೆ ದೊರೆ ಮಲಗಲು ಜಾಗ ನೋಡುತ್ತ, ಬಾಡಿಗೆ ಮನೆ ಹುಡುಕುವವನಂತೆ ಇಡೀ ಮನೆ ಸುತ್ತಿದ. ಅಡುಗೆಮನೆಯಲ್ಲಿ ಹೊಗೆ, ಕಿಟಕಿಯಲ್ಲಿ ಬೆಕ್ಕಿನ ಭಯ, ಬೀರುವಿನ ಮೇಲೆ ಫ್ಯಾನು. ರಟ್ಟಿನ ಪೆಟ್ಟಿಗೆ ಇಟ್ಟರೆ ದೊರೆ ಅದನ್ನೇ ಗೂಡೆಂದುಕೊಂಡು ಹತ್ತಿರ ಬಂದವರನ್ನೆಲ್ಲ ಕಚ್ಚತೊಡಗಿತು.

"ಮಗಳಿಗೆ ಗಂಡು ಹುಡುಕೋವಾಗ್ಲೂ ನೀವು ಇಷ್ಟು ಅಲೆದಿರಲಿಲ್ಲ," ಎಂದು ಇವಳು ನಕ್ಕಳು.

ಕೊನೆಗೆ ಹಕ್ಕಿಯೇ ಬಾಗಿಲ ಹಿಂದಿನ ಕೋಟಿನ ಮರೆಯನ್ನು ಆರಿಸಿಕೊಂಡಿತು. ಬಾಗಿಲು ಅಲುಗದಂತೆ ಅವನು ಅದರ ಕೆಳಗೆ ಮರದ ತುಂಡು ಸಿಕ್ಕಿಸಿದ. "ಆ ಮೂಲೆ ಗುಡಿಸೋದು, ಒರೆಸೋದು ಎಲ್ಲ ನಂದು. ನೀನು ಕೈ ಹಾಕಬೇಡ."

"ಹಾಕಲ್ಲ ಬಿಡಿ. ನಿಮ್ಮ ದೊರೆ, ನಿಮ್ಮ ಅರಮನೆ." ಇವಳು ಕೊಟ್ಟ ಮಾತು ಉಳಿಸಿಕೊಂಡಿದ್ದಳು.

*

ಈಗ ಅವಳು ಕೋಟಿನ ಎಡತೋಳಿನೊಳಗೆ ಕೈ ಹಾಕಿದಳು. ಮೊಣಕೈಯ ಹತ್ತಿರ ತೋಳು ಮುಚ್ಚಿತ್ತು, ಯಾರೋ ಅಡ್ಡಕ್ಕೆ ಹೊಲಿದಿದ್ದರು. ಯಾರೋ ಏನು, ಇನ್ಯಾರು ಹೊಲಿಯುತ್ತಾರೆ! ಅದರ ಮೇಲೆ, ದೊರೆ ಕೂರಲೆಂದು, ಹತ್ತಿಬಟ್ಟೆ ಸುತ್ತಿದ ಚಪ್ಪಟೆ ಕಡ್ಡಿ. ಹಕ್ಕಿಯ ಉಗುರು ಸಿಕ್ಕಿಕೊಳ್ಳದಂತೆ ಕೋಟಿನ ಒಳಪದರದ ಬಟ್ಟೆಯನ್ನು ಪೂರಾ ಬಿಚ್ಚಿ ತೆಗೆದಿದ್ದ.

"ಅಯ್ಯೋ, ದರ್ಜಿ ಕೋಟಿಗೆ ಗುಂಡಿನೇ ಇಲ್ವಲ್ಲ!" ಎಂದ ಇಸ್ತ್ರಿಯವನು. ಬಾಗಿಲಲ್ಲಿ ಯಾರೋ ಬಂದ ನಗುವನ್ನು ಮರೆಸಲು ಕೆಮ್ಮಿದರು.

"ಗುಂಡಿ ಇದ್ರೆ ದೊರೆ ಕಚ್ಚಿ ನುಂಗುತ್ತಲ್ಲ, ಅದಕ್ಕೆ," ಎಂದಳು ಮಗಳು ಮೆಲ್ಲಗೆ.

ಸೆಕೆಯೂ ಇಲ್ಲ, ಗಿಕೆಯೂ ಇಲ್ಲ. ತೊಡಲು ಕೋಟೇ ಉಳಿದಿರಲಿಲ್ಲ. ಹೆಂಡತಿ ಆರಿಸಿದ ಬಟ್ಟೆ, ಹೇಳಿದರೆ ಎಲ್ಲಿ ನೊಂದುಕೊಳ್ಳುತ್ತಾಳೋ ಎಂದು ಅವಳ ಮುನಿಸನ್ನೆಲ್ಲ ಸುಮ್ಮನೆ ನುಂಗಿಕೊಂಡಿದ್ದ. ಅವಳಿಗೆ ಸಿಟ್ಟು ಬಂತು, ಸಿಟ್ಟಿನ ಹಿಂದೆಯೇ ಅಳು ಬಂತು.

"ಒಂದು ಮಾತು ಹೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?" ಎಂದು ಅವನನ್ನೇ ಕೇಳಿದಳು.

"ಈಗೇನು, ಹೊಲಿಗೆ ಬಿಚ್ಚಿದ್ರೆ ಆಯ್ತು," ಎಂದ ತಮ್ಮ. "ಮೇಲೆ ಹೂವು ಬರುತ್ತೆ, ಗುಂಡಿ ಇಲ್ಲದ್ದು ಕಾಣಲ್ಲ. ನಿನ್ನ ಆಸೆ ತಾನೆ? ಕತ್ತರಿ ಕೊಡಕ್ಕಾ."

ಮಷೀನಿನ ಮೇಲಿದ್ದ ಗಂಡನ ಕತ್ತರಿಯನ್ನು ಅವಳೇ ತಂದಳು. ತೋಳನ್ನು ಮಗುಚಿ, ಬಿಚ್ಚಲು ದಾರದ ತುದಿ ಹುಡುಕಿದಳು. ಸಿಗಲಿಲ್ಲ. ಒಂದು ಎಳೆಯೂ ಹಕ್ಕಿಯ ಕಾಲಿಗೆ ತಾಗದಂತೆ ತುದಿಗಳನ್ನೆಲ್ಲ ಒಳಗೆ ಅಡಗಿಸಿ ಹೊಲಿದಿದ್ದ. ಗಿರಾಕಿಗಳ ಕೋಟಿಗೂ ಅವನು ಇಷ್ಟು ಸಣ್ಣ ಹೊಲಿಗೆ ಹಾಕಿದ್ದನ್ನು ಅವಳು ಕಂಡಿರಲಿಲ್ಲ.

ಅಡುಗೆಮನೆಯಲ್ಲಿ ದೊರೆ ಮತ್ತೆ ಕಿರುಚಿತು.

"ಸಂಜೆಯಾದ್ರೆ ಅದು ಎಲ್ಲಿ ಮಲಗುತ್ತೆ?" ಎಂದು ಕತ್ತರಿಯನ್ನು ಕೆಳಗಿಟ್ಟಳು. "ತೆಗಿ ಕೋಟನ್ನ."

"ಬರೀ ಅಂಗೀಲಿ ಕಳಿಸೋದಾ ಅಕ್ಕಾ?"

"ಹೂಂ. ಅವರಿಗೆ ಸೆಕೆ ಆಗುತ್ತೆ ಕಣೋ," ಎಂದಳು. ನಗುವೋ ಅಳುವೋ ಎಂದು ಮಗಳಿಗೆ ತಿಳಿಯಲಿಲ್ಲ, ಬಂದು ಅಮ್ಮನ ಭುಜ ಹಿಡಿದುಕೊಂಡಳು.

*

ಅವನನ್ನು ಕಳಿಸಿ ಬಂದಾಗ ಬೆಳಕು ಇಳಿದಿತ್ತು. ಅವಳು ಕೋಟನ್ನು ಮೊಳೆಗೆ ನೇತು ಹಾಕಿ, ಆ ಬಾಗಿಲ ಕೆಳಗೆ ಮರದ ತುಂಡು ಸಿಕ್ಕಿಸಿ, ಅಡುಗೆಮನೆಯ ಬಾಗಿಲು ತೆರೆದಳು. ದೊರೆ ಹಾರಿ ಬಂದು ಕೋಟಿನ ಕೊರಳಪಟ್ಟಿಯ ಮೇಲೆ ಕೂತಿತು. ಒಳಗೆ ಮಾತ್ರ ಇಳಿಯಲಿಲ್ಲ.

ತಮ್ಮ ಎಳೆದಾಡಿದ ಕಡೆ, ಕಂಕುಳ ಹತ್ತಿರ, ಒಂದು ಎಳೆ ಹೊರಬಂದು ನೇತಾಡುತ್ತಿತ್ತು. ಕತ್ತರಿ ನಡುಮನೆಯಲ್ಲಿತ್ತು. ಅವಳು ಅಲ್ಲಿಗೆ ಹೋಗಲಿಲ್ಲ. ಕೋಟನ್ನು ಎರಡು ಕೈಯಲ್ಲಿ ಹಿಡಿದು, ಮುಖ ತಗ್ಗಿಸಿ, ಆ ದಾರವನ್ನು ಬುಡದಲ್ಲೇ ಹಲ್ಲಿನಿಂದ ಕಡಿದಳು. ಜುಟ್ಟು ನಿಗುರಿಸಿ ನೋಡುತ್ತಿದ್ದ ದೊರೆ, ಅವಳ ಕೆನ್ನೆಯ ಪಕ್ಕದಿಂದಲೇ ನುಸುಳಿ ಎಡತೋಳಿನೊಳಗೆ ಇಳಿಯಿತು.