ಕರಿಬೇವಿನ ಬುಡದ ಹಾಲು

ಕಾರ್ಖಾನೆಯ ತೊಟ್ಟಿಯ ಗಾಜಿನ ಕಿಂಡಿಯಲ್ಲಿ ನೊರೆ ಏರುತ್ತಿದೆ, ಹಳದಿ ನೊರೆ, ಮೊದಲ ಹಾಲಿನ ಬಣ್ಣವೇ, ಎದೆ ಬಿಗಿಯುತ್ತದೆ, ಕೋಟಿನೊಳಗೆ ಮತ್ತೆ ಒದ್ದೆ — ಕೂಸು ಹೋಗಿ ಹದಿನೆಂಟು ದಿನ, ಈ ಹಾಲಿಗೆ ಅದನ್ನು ಯಾರು ಹೇಳಬೇಕು, ತೊಟ್ಟಿಯ ಚೀಟಿಯಲ್ಲಿ ಇ. ಕೋಲಿ ಎಂದು ಕ್ರಿಮಿಯ ಹೆಸರಿದೆ, ಕೂಸಿನ ಭೇದಿಯ ರಿಪೋರ್ಟಿನಲ್ಲೂ ಅದೇ ಹೆಸರಿತ್ತು, ಬೆಳಿಗ್ಗೆ ಕೆಲಸಕ್ಕೆ ವಾಪಸಾದವಳು ಚೀಟಿ ನೋಡಿ ಹಿಂದೆ ಸರಿದೆ, ಮೇಲ್ವಿಚಾರಕ ದಯಾನಂದ್ ಸಾರ್ ಹೆದರಬೇಡ ಲತಾಮಣಿ, ಇದು ಸಾಧು ತಳಿ, ಯಾರ ಹೊಟ್ಟೇನೂ ಕೆಡಿಸಲ್ಲ, ತಾಯಿಹಾಲಿನ ಸಕ್ಕರೆ ಮಾಡೋದು ಕಲಿಸಿದೀವಿ ಅಷ್ಟೆ ಎಂದರು, ಆ ಸಕ್ಕರೆ ಯಾಕೆ ಸಾರ್, ಎರಡು ವರ್ಷ ತೊಟ್ಟಿ ತೊಳೆದವಳು ಮೊದಲ ಸಲ ಕೇಳಿದೆ, ಡಬ್ಬಿ ಹಾಲಿನ ಪುಡಿಗೆ ಬೆರೆಸೋಕೆ, ತಾಯಿಯ ಮೊದಲನೇ ಹಾಲಲ್ಲೇ ಅದು ಜಾಸ್ತಿ ಕಣಮ್ಮ, ಕೆಟ್ಟ ಕ್ರಿಮಿ ಮಗು ಕರುಳಿಗೆ ಅಂಟದ ಹಾಗೆ ನೋಡ್ಕೊಳ್ಳತ್ತೆ. ಆಮೇಲೆ ಅವರು ಹೇಳಿದ್ದೇನೂ ಕಿವಿಗೆ ಬೀಳಲಿಲ್ಲ.

ತಾಯಿಯಿಲ್ಲದ ನನಗೆ ಬಾಣಂತನ ಮಾಡಿದವರು ಅತ್ತೆ ಸಿದ್ದಮ್ಮ, ಮೊದಲ ಹಾಲನ್ನು ಮೂರು ದಿನ ಹಿಂಡಿ ಹಿಂಡಿ ಲೋಟಕ್ಕೆ ತೆಗೆದರು, ಕೆಟ್ಟಾಲು ಕಣವ್ವ, ಕೂಸ್ಗೆ ಅರಗಾಕಿಲ್ಲ, ಒಸಿ ಸಕ್ರೆ ನೀರು ನೆಕ್ಸಾನ, ತುಳಿಯುವ ಕಡೆ ಚೆಲ್ಲಬಾರದೆಂದು ಕರಿಬೇವಿನ ಬುಡಕ್ಕೆ ಸುರಿದರು, ಕಿಟಕಿಯಿಂದ ನೋಡುತ್ತಲೇ ಇದ್ದೆ, ಇರುವೆ ಸಾಲುಗಟ್ಟಿತ್ತು, ಇದೇ ಅತ್ತೆ ಹಸು ಈದಾಗ ನನ್ನ ಕೈಯಿಂದ ತಂಬಿಗೆ ಕಿತ್ತುಕೊಂಡಿದ್ದರು, ಮೊದ್ಲು ಕರ ಕುಡ್ಕಳ್ಲಿ, ಗಿಣ್ಣು ಕಾಣ್ದ ಕರ ಉಳಿಯಾಕಿಲ್ಲ, ಆ ಕರು ಈಗ ಅಂಗಳದಲ್ಲಿ ನೆಗೆಯುತ್ತದೆ, ನನಗೂ ಹೊಳೆಯಲಿಲ್ಲವಲ್ಲ, ಅತ್ತೆ ಕೆಟ್ಟವರಲ್ಲ, ಕೂಸನ್ನು ಮಣ್ಣಿಗಿಟ್ಟ ದಿನದಿಂದ ನೆಟ್ಟಗೆ ಒಂದು ತುತ್ತು ತಿಂದಿಲ್ಲ, ಆ ಹಾಲು ಕುಡಿಸದ್ದರಿಂದಲೇ ಕೂಸು ಹೋಯಿತೆಂದು ಡಾಕ್ಟರೂ ಹೇಳಲಿಲ್ಲ — ಆದರೆ ನಾದಿನಿ ಭಾನುಪ್ರಿಯ ಮುಂಜಾನೆ ಕೋಡಿಹಳ್ಳಿಯ ಗಂಡನ ಮನೆಯಲ್ಲೇ ಹೆತ್ತಿದ್ದಾಳೆ, ಬಾಣಂತನಕ್ಕೆ ಕರೆತರುವ ಮೊದಲೇ, ಅತ್ತೆ ಆಗಲೇ ಬಸ್ಸು ಹತ್ತಿದ್ದಾರೆ, ಇಷ್ಟೊತ್ತಿಗೆ ತಲುಪಿರಬೇಕು, ಚೀಲದಲ್ಲಿ ಅದೇ ಲೋಟ.

ಹೇಳಿದರೆ ಅತ್ತೆ ಬದುಕಿರುವಷ್ಟು ದಿನ ಬೇಯುತ್ತಾರೆ, ಹೇಳದಿದ್ದರೆ ಆ ಕೂಸು, ಆಫೀಸಿನ ಫೋನು, ಭಾನು ಗಂಡನ ನಂಬರು, ಅತ್ತೆಗೆ ಕೊಡಿ ಎನ್ನುತ್ತೇನೆ, ಅತ್ತೆ ಹಿಂಡಬ್ಯಾಡಿ, ಕುಡ್ಸಿ, ಅದು ಕೆಟ್ಟಾಲಲ್ಲ, ಗಿಣ್ಣು ಇದ್ದಂಗೆ, ಇಲ್ಲಿ ಬಿಡದಿಲಿ ಇಷ್ಟು ದೊಡ್ಡ ತೊಟ್ಟಿ ಇಟ್ಕೊಂಡು ಅದರ ಸಕ್ರೆ ಮಾಡಾಕೆ ಒದ್ದಾಡ್ತಾವ್ರೆ, ಆ ಕಡೆ ಕೂಸಿನ ಅಳು, ಅತ್ತೆಯ ದನಿ, ಸರಿ ಕುಡುಸ್ತೀನಿ ಬುಡು, ಅಂಗಾರೆ ಲತಾ, ನಮ್ ಕೂಸಿನ್ ಬಾಯಿಂದ ಕಿತ್ತು ಇರುವೆಗಾಕ್ಬುಟ್ನಾ ನಾನು — ಇಲ್ಲ ಅನ್ನಬೇಕು, ಇಲ್ಲ ಅತ್ತೆ ಅನ್ನಬೇಕು, ಕರಿಬೇವಿನ ಬುಡ, ಹಳದಿ ಹಾಲು, ಇರುವೆ, ಇರುವೆ